ಫಾರ್ಮ್ 2555 ತುಂಬುವ ಮುನ್ನ ಐಆರ್‌ಎ ನೆನಪಿರಲಿ

ಎಲ್ಲರಿಗೂ ನಮಸ್ಕಾರ. ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್, ಕೆಲಸ ಬೆಂಗಳೂರಿನಲ್ಲಿ; ಇಲ್ಲಿ ಕೂತಿರುವ ಹೆಚ್ಚಿನವರ ಸ್ಥಿತಿ ಇದೇ. ಎಲ್ಲಿದ್ದರೂ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ರಿಟರ್ನ್ ಸಲ್ಲಿಸಬೇಕೆಂದು ನಿಮಗೆ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ನನ್ನ ಕಳಕಳಿ ಒಂದೇ: ವಿದೇಶದ ಗಳಿಕೆಯನ್ನು ಅಮೆರಿಕದ ತೆರಿಗೆಯಿಂದ ಹೊರಗಿಡುವ ಫಾರ್ಮ್ 2555 ತುಂಬುವ ಮುನ್ನ ಐಆರ್‌ಎ, ಅಂದರೆ ಅಮೆರಿಕದ ನಿಮ್ಮ ವೈಯಕ್ತಿಕ ನಿವೃತ್ತಿ ಖಾತೆ, ನೆನಪಿರಲಿ.

ವೈಟ್‌ಫೀಲ್ಡ್‌ನ ಒಬ್ಬ ಇಂಜಿನಿಯರ್ ಎಂದುಕೊಳ್ಳಿ. ವಯಸ್ಸು 42, ಸಂಬಳ ವರ್ಷಕ್ಕೆ 90,000 ಡಾಲರಿನಷ್ಟು. 2025ರ ತೆರಿಗೆ ವರ್ಷಕ್ಕೆ 2555ರಡಿ 1,30,000 ಡಾಲರ್‌ವರೆಗಿನ ಗಳಿಕೆಯನ್ನು ಹೊರಗಿಡಬಹುದು. ಸಂಬಳ ಪೂರ್ತಿ ಹೊರಗೆ ಹೋಯಿತು, ಅದರ ಮೇಲೆ ಅಮೆರಿಕದ ತೆರಿಗೆ ಸೊನ್ನೆ. ಆ ಸಂತೋಷದಲ್ಲಿ ರಾಥ್ ಐಆರ್‌ಎಗೆ (ಹಾಕುವಾಗ ತೆರಿಗೆ ಕಡಿತವಿಲ್ಲ, ನಿವೃತ್ತಿಯಲ್ಲಿ ತೆಗೆಯುವಾಗ ತೆರಿಗೆಯಿಲ್ಲ) ಆ ವರ್ಷದ ಪೂರ್ತಿ ಮಿತಿ, 7,000 ಡಾಲರ್, ಹಾಕಿಬಿಡುತ್ತಾರೆ.

ತೊಂದರೆ ಇಲ್ಲೇ. ಐಆರ್‌ಎಗೆ ಹಣ ಹಾಕಲು ಆ ವರ್ಷ ತೆರಿಗೆಗೆ ಒಳಪಟ್ಟ ದುಡಿಮೆಯ ಆದಾಯ ಇರಬೇಕು. 2555ರಲ್ಲಿ ಹೊರಗಿಟ್ಟ ಸಂಬಳ ಆ ಲೆಕ್ಕಕ್ಕೆ ಬರುವುದಿಲ್ಲ. ಮನೆ ಬಾಡಿಗೆ, ಎಫ್‌ಡಿ ಬಡ್ಡಿಯೂ ದುಡಿಮೆಯ ಆದಾಯವಲ್ಲ. ಹಾಗಾಗಿ ಇವರ ಮಿತಿ ಸೊನ್ನೆ, ಹಾಕಿದ್ದೆಲ್ಲ ಹೆಚ್ಚುವರಿ. ಅದರ ಮೇಲೆ ಶೇ. 6ರ ದಂಡತೆರಿಗೆ, ಹಣ ಖಾತೆಯಲ್ಲಿ ಉಳಿದ ಪ್ರತಿ ವರ್ಷವೂ. ಮೂರು ವರ್ಷ ಹೀಗೇ 7,000 ಹಾಕುತ್ತ ಹೋದರೆ 420, 840, 1,260; ಒಟ್ಟು 2,520 ಡಾಲರ್. ಬ್ರೋಕರೇಜ್ ಕಂಪನಿ ಹಣ ತೆಗೆದುಕೊಂಡಿತಲ್ಲ ಎನ್ನಬೇಡಿ. ನಿಮ್ಮ ರಿಟರ್ನ್‌ನಲ್ಲಿ 2555 ಇದೆಯೆಂದು ಅದಕ್ಕೆ ಗೊತ್ತಾಗುವುದಿಲ್ಲ.

ಈಗಾಗಲೇ ಹಾಕಿದ್ದರೆ? ರಿಟರ್ನ್ ಸಕಾಲಕ್ಕೆ ಸಲ್ಲಿಸಿದವರಿಗೆ ಅಕ್ಟೋಬರ್ 15ರವರೆಗೆ ಅವಕಾಶವಿದೆ. ಮಾಮೂಲಿ ವಿತ್‌ಡ್ರಾವಲ್ ಬೇಡ. ಹೆಚ್ಚುವರಿ ಹಣ ವಾಪಸಾತಿಯ ಪ್ರತ್ಯೇಕ ಅರ್ಜಿ ಕೇಳಿ, ಅದರ ಮೇಲಿನ ಗಳಿಕೆಯನ್ನೂ ಸೇರಿಸಿ ತೆಗೆಯಿರಿ. ದಿನ ಮೀರಿದರೆ ಫಾರ್ಮ್ 5329ರಲ್ಲಿ ದಂಡ ತೋರಿಸಬೇಕು.

ಇದಕ್ಕೇ ನಾನು 2555, 2555 ಎನ್ನುತ್ತಿರುವುದು. ಬೆಂಗಳೂರಿನಲ್ಲಿ ತೆರಿಗೆ ಕಟ್ಟುವವರಿಗೆ, ಆ ತೆರಿಗೆಯನ್ನು ಅಮೆರಿಕದ ತೆರಿಗೆಯಿಂದ ಕಳೆಯಲು (ಇದೇ ಕ್ರೆಡಿಟ್) ಫಾರ್ಮ್ 1116 ಇದೆ. ಆ ಇಂಜಿನಿಯರ್ ಇಲ್ಲಿ ಶೇ. 30ರ ಹಂತದಲ್ಲಿದ್ದಾರೆ, ಇಲ್ಲಿ ಕಟ್ಟಿದ್ದಕ್ಕೆ ಸಿಗುವ ಕ್ರೆಡಿಟ್, ಸಂಬಳದ ಮೇಲಿನ ಅಮೆರಿಕದ ತೆರಿಗೆಯನ್ನು ಸಾಮಾನ್ಯವಾಗಿ ಪೂರ್ತಿ ತೀರಿಸುತ್ತದೆ. ಮಿಕ್ಕದ್ದು 10 ವರ್ಷ ಮುಂದಕ್ಕೆ ಹೋಗುತ್ತದೆ. ಸಂಬಳ ತೆರಿಗೆಯ ಲೆಕ್ಕದಲ್ಲೇ ಉಳಿಯುವುದರಿಂದ ಐಆರ್‌ಎಗೂ ಹಾಕಬಹುದು. ಆದರೆ 2555 ಒಮ್ಮೆ ಕೈಬಿಟ್ಟರೆ ಐಆರ್‌ಎಸ್ ಅನುಮತಿಯಿಲ್ಲದೆ ಮುಂದಿನ 5 ವರ್ಷ ಮತ್ತೆ ಹಿಡಿಯುವಂತಿಲ್ಲ. ನಾಳೆ ದುಬೈಗೆ ಹೋಗುವ ಯೋಚನೆಯಿದ್ದರೆ ತಡೆದು ನೋಡಿ. ಅಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ, ಹಾಗಾಗಿ ಕ್ರೆಡಿಟ್ಟೂ ಇಲ್ಲ.

ಸಮಯವಾಯಿತೆಂದು ಚೀಟಿ ಬಂದಿದೆ. ಸಂಗಾತಿ ಅಮೆರಿಕದವರಲ್ಲದೆ, ಜೊತೆಗೇ ಇದ್ದು, ನೀವು ಪ್ರತ್ಯೇಕವಾಗಿ ರಿಟರ್ನ್ ಸಲ್ಲಿಸುತ್ತಿದ್ದರೆ ಆದಾಯ 10,000 ಡಾಲರ್ ಮುಟ್ಟಿದಾಗಲೇ ರಾಥ್‌ಗೆ ನೇರವಾಗಿ ಹಾಕುವಂತಿಲ್ಲ. ಆಗ ಟ್ರೆಡಿಷನಲ್ ಐಆರ್‌ಎಗೆ, ಅಂದರೆ ಸಾಮಾನ್ಯವಾಗಿ ಹಾಕುವಾಗ ತೆರಿಗೆ ಕಡಿತ ಕೇಳುವ ಖಾತೆಗೆ, ಕಡಿತ ಕೇಳದೆ ಹಾಕಿ, ರಾಥ್‌ಗೆ ಬದಲಿಸಿ, ಇದನ್ನು ತೋರಿಸುವ ಫಾರ್ಮ್ 8606 ಸಲ್ಲಿಸಿ. ಭಾರತದ ಕಡೆ, ವಿದೇಶಿ ನಿವೃತ್ತಿ ಖಾತೆಯ ಗಳಿಕೆಗೆ ಹಣ ತೆಗೆಯುವಾಗ ತೆರಿಗೆ ಕಟ್ಟಲು ಬಿಡುವ, 1961ರ ಆದಾಯ ತೆರಿಗೆ ಕಾಯ್ದೆಯ 89ಎ ಸೆಕ್ಷನ್ ಬಳಸುವವರು ಫಾರ್ಮ್ 10-ಇಇಯನ್ನು ರಿಟರ್ನ್ ಗಡುವಿನೊಳಗೆ ಸಲ್ಲಿಸಬೇಕು.

ಕೊನೆಯದಾಗಿ, ವಿದೇಶದಲ್ಲಿರುವವರಿಗೆ ಸಿಗುವ ಜೂನ್ 15ರ ಅವಧಿ ರಿಟರ್ನ್‌ಗೆ ಮಾತ್ರ. ಐಆರ್‌ಎ ಹಣ ಏಪ್ರಿಲ್ 15ರೊಳಗೇ ಹೋಗಬೇಕು. ಕಳಿಸುವಾಗ ಯಾವ ವರ್ಷದ್ದೆಂದು ಗುರುತಿಸಿ. ಪ್ರಶ್ನೆಗಳಿದ್ದರೆ ಕೇಳಿ.