ಗೆರೆಯ ಆಚೆಗಿದ್ದ ಊರು: ಲೇನಾ ದಿವಾನಿ ಎಂಬ ಕಾದಂಬರಿಕಾರ್ತಿ, ಇತಿಹಾಸದ ಮೇಡಂ

ತೆರೆಯ ಮೇಲೆ: 1832ರ ಗ್ರೀಸ್ ನಕ್ಷೆ. ಎಡಗಡೆ ಆರ್ಟಾ ಕೊಲ್ಲಿ, ಬಲಗಡೆ ವೋಲೋಸ್ ಕೊಲ್ಲಿ. ನಡುವೆ ಒಂದು ಕೆಂಪು ಗೆರೆ.

ನಮಸ್ಕಾರ. ಮೊದಲು ಈ ಕೆಂಪು ಗೆರೆ ನೋಡಿಬಿಡಿ.

ಗ್ರೀಸ್ ಅಂದ ಕೂಡಲೇ ನಮಗೆ ಎರಡೂವರೆ ಸಾವಿರ ವರ್ಷ ಹಳೆಯ ದೇಶ ಅನಿಸುತ್ತದೆ, ಅಲ್ವಾ? ಆದರೆ ಈಗಿರುವ ಗ್ರೀಸ್ ದೇಶ ಹುಟ್ಟಿದ್ದು 1830ರಲ್ಲಿ. ಎರಡು ವರ್ಷ ಬಿಟ್ಟು ಬ್ರಿಟನ್, ಫ್ರಾನ್ಸ್, ರಷ್ಯಾ ಮೂರೂ ಸೇರಿ ಅದಕ್ಕೆ ಹಾಕಿಕೊಟ್ಟ ಬೇಲಿ ಈ ಗೆರೆ. ಕೆಳಗಿರುವುದು ಗ್ರೀಸ್. ಮೇಲಿರುವುದು ಒಟ್ಟೋಮನ್ ಸುಲ್ತಾನರ ನೆಲ.

ಈಗ ಬಲ ತುದಿಗೆ ಝೂಮ್ ಮಾಡೋಣ. ಸಮುದ್ರದ ದಡದಲ್ಲಿ ಒಂದು ಊರು ಕಾಣುತ್ತದೆ. ಅದೇ ವೋಲೋಸ್. ಪುರಾಣದಲ್ಲಿ ಜೇಸನ್ ಚಿನ್ನದ ತುಪ್ಪಳ ಹುಡುಕಿಕೊಂಡು ಹಡಗು ಹತ್ತಿದ್ದು ಇದರ ಪಕ್ಕದಲ್ಲೇ ಅಂತ ಹೇಳುತ್ತಾರೆ. ಪುರಾಣದಲ್ಲಿ ಅಷ್ಟು ದೊಡ್ಡ ಹೆಸರು. ಆದರೆ ಗೆರೆ ಎಳೆದವರ ಲೆಕ್ಕದಲ್ಲಿ ಊರು ಆಚೆಗೆ. ಕೂದಲೆಳೆಯಷ್ಟು ಆಚೆಗೆ, ಆದರೂ ಆಚೆಗೇ. ಇನ್ನು 49 ವರ್ಷ ವೋಲೋಸ್ ಗ್ರೀಸ್‌ಗೆ ಸೇರಲಿಲ್ಲ.

ಇವತ್ತು ನಾನು ಪರಿಚಯ ಮಾಡಿಸುವ ಮಹಿಳೆ ಹುಟ್ಟಿದ್ದು ಇದೇ ವೋಲೋಸ್‌ನಲ್ಲಿ, 1955ರಲ್ಲಿ. ಆ ಹೊತ್ತಿಗೆ ಊರು ಗೆರೆಯ ಒಳಗೆ ಬಂದು ಎಷ್ಟೋ ಕಾಲವಾಗಿತ್ತು. ಆದರೂ ಇವರ ಇತಿಹಾಸದ ಕೆಲಸ ಪೂರ್ತಿ ಈ ಗೆರೆ ಹೇಗೆ ಸರಿಯಿತು ಅನ್ನುವುದರ ಸುತ್ತಲೇ ಇದೆ.

ತೆರೆಯ ಮೇಲೆ: ಹೆಸರು, ಕನ್ನಡದಲ್ಲಿ, ದೊಡ್ಡದಾಗಿ.

ಲೇನಾ ದಿವಾನಿ. ಕಾದಂಬರಿ, ಸಣ್ಣಕಥೆ, ನಾಟಕ ಬರೆದವರು. ಜೊತೆಗೆ ಅಥೆನ್ಸ್ ವಿಶ್ವವಿದ್ಯಾಲಯದಲ್ಲಿ ಗ್ರೀಸ್‌ನ ವಿದೇಶಾಂಗ ನೀತಿಯ ಇತಿಹಾಸ ಪಾಠ ಮಾಡಿದವರು. ಹೆಸರು ಕೇಳಿ ಮೈಸೂರು ದಿವಾನರು ನೆನಪಾದರಾ? ನನಗೂ ಆದರು. ಇವರ ಮನೆತನದ ಹೆಸರಿಗೂ ಅದಕ್ಕೂ ಗಂಟು ಹಾಕೋದು ಬೇಡ. ಆದರೆ ಗ್ರೀಕ್ ಭಾಷೆಯಲ್ಲಿ 'ದಿವಾನಿ' ಅಂದರೆ ಕಾಲು ಚಾಚಿ ಕೂರುವ ಸೋಫಾ. ಪರ್ಷಿಯನ್ ಪದವೊಂದು ತುರ್ಕಿ ದಾಟಿ ಅಲ್ಲಿಗೆ ಹೋಗಿ ಸೋಫಾ ಆಯಿತು, ನಮ್ಮ ಕಡೆಗೆ ಬಂದು ಮಂತ್ರಿಯಾಯಿತು.

ಒಂದು ವಿಷಯ ನನಗೆ ಕುತೂಹಲ ಅನಿಸಿತು. ಇವರು ಇತಿಹಾಸ ಪಾಠ ಮಾಡಿದ್ದು ಇತಿಹಾಸ ವಿಭಾಗದಲ್ಲಿ ಅಲ್ಲ, ಕಾನೂನು ಕಾಲೇಜಿನಲ್ಲಿ. ಸ್ವಲ್ಪ ಯೋಚಿಸಿದರೆ ಅದೇ ಸರಿ. ಗ್ರೀಸ್‌ನ ನೆಲ ಯುದ್ಧದಲ್ಲಿ ಬಂದಿದ್ದು ಒಂದಿಷ್ಟು. ಗಟ್ಟಿಯಾಗಿ ಕೈಗೆ ಸಿಕ್ಕಿದ್ದೆಲ್ಲ ಒಪ್ಪಂದದ ಕಾಗದದ ಮೇಲೆ. ಕಾಗದ ಓದಲು ವಕೀಲರ ಕಣ್ಣು ಬೇಕು.

1830ರಿಂದ 1947ರವರೆಗೆ ಗ್ರೀಸ್‌ನ ಗಡಿ ಹೇಗೆ ಹಂತ ಹಂತವಾಗಿ ತುಂಬಿಕೊಂಡಿತು ಅಂತ ಇವರ ಒಂದು ದೊಡ್ಡ ಪುಸ್ತಕವಿದೆ. ಆ ಕಥೆಯ ಅಸ್ಥಿಪಂಜರ ಸ್ವಲ್ಪ ನೋಡೋಣ. ಇದು ಗೊತ್ತಿಲ್ಲದೆ ದಿವಾನಿ ಅರ್ಥ ಆಗುವುದಿಲ್ಲ.

ತೆರೆಯ ಮೇಲೆ: ನಕ್ಷೆ ಒಂದೊಂದೇ ಬಣ್ಣದಲ್ಲಿ ತುಂಬುತ್ತಾ ಹೋಗುತ್ತದೆ.

ಶುರುವಿನಲ್ಲಿ ದೇಶ ಸುಮಾರು 47 ಸಾವಿರ ಚದರ ಕಿಲೋಮೀಟರ್. ಇವತ್ತು ಸುಮಾರು 1 ಲಕ್ಷ 32 ಸಾವಿರ. ಅಂದರೆ ಈಗಿನ ಗ್ರೀಸ್‌ನಲ್ಲಿ ಮೂರನೇ ಎರಡು ಭಾಗ ಆಮೇಲೆ ಸೇರಿಕೊಂಡಿದ್ದು.

1864ರಲ್ಲಿ ಕೊರ್ಫು ಮತ್ತು ಅದರ ಸುತ್ತಲಿನ ಅಯೋನಿಯನ್ ದ್ವೀಪಗಳು ಬಂದವು. ಯುದ್ಧವಿಲ್ಲ, ರಕ್ತವಿಲ್ಲ. ಡೆನ್ಮಾರ್ಕಿನ ಹುಡುಗನೊಬ್ಬ ಗ್ರೀಸ್‌ಗೆ ರಾಜನಾಗಿ ಬಂದ, ಬ್ರಿಟನ್ ದ್ವೀಪಗಳನ್ನು ಬಿಟ್ಟುಕೊಟ್ಟಿತು. ಮದುವೆ ಮನೆಗೆ ಮುಯ್ಯಿ ಕೊಟ್ಟ ಹಾಗೆ. ಅಂದ ಹಾಗೆ, ಬ್ರಿಟಿಷರು ಹೋದರೂ ಅವರ ಕ್ರಿಕೆಟ್ ಅಲ್ಲೇ ಉಳಿಯಿತು. ಗ್ರೀಸ್‌ನಲ್ಲಿ ಕ್ರಿಕೆಟ್ ಅಂದರೆ ಇವತ್ತಿಗೂ ಕೊರ್ಫು.

1881ರಲ್ಲಿ ಥೆಸಲಿ ಪ್ರಾಂತ್ಯ ಬಂತು. ಅದರ ಜೊತೆ ವೋಲೋಸ್ ಕೂಡ. ಇಷ್ಟಕ್ಕೇ ಮುಗಿಯಲಿಲ್ಲ. 1897ರಲ್ಲಿ ಗ್ರೀಸ್ ತುರ್ಕಿ ಜೊತೆ ಕಾಲು ಕೆರೆದು ಜಗಳಕ್ಕೆ ಹೋಯಿತು, ಒಂದೇ ತಿಂಗಳಲ್ಲಿ ಸೋತಿತು. ಒಟ್ಟೋಮನ್ ಸೈನ್ಯ ವೋಲೋಸ್‌ಗೆ ಬಂದು ಕೂತಿತು. ಮರುವರ್ಷ ಊರು ವಾಪಸ್ ಸಿಕ್ಕಿತು, ಅದೂ ದೊಡ್ಡ ದೇಶಗಳು ಮಧ್ಯೆ ಬಂದಿದ್ದಕ್ಕೆ. ಗ್ರೀಸ್ ಪರಿಹಾರದ ದುಡ್ಡು ಕಟ್ಟಬೇಕಾಯಿತು. ಯುದ್ಧ ಸೋತ ಮೇಲೂ ನೆಲ ಹೆಚ್ಚುಕಡಿಮೆ ಹಾಗೇ ಉಳಿಯುವುದು ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ.

ಬಾಲ್ಕನ್ ಯುದ್ಧಗಳಲ್ಲಿ, 1913ರ ಹೊತ್ತಿಗೆ, ಥೆಸಲೋನಿಕಿ, ಕ್ರೀಟ್, ಏಜಿಯನ್ ದ್ವೀಪಗಳು. ಆಮೇಲೆ ಪಶ್ಚಿಮ ಥ್ರೇಸ್. ಕೊನೆಗೆ ಇಟಲಿ ಕೈಯಲ್ಲಿದ್ದ ದೋದೆಕಾನಿಸಾ, ಅಂದರೆ ರೋಡ್ಸ್ ಇರುವ, 'ಹನ್ನೆರಡು ದ್ವೀಪ' ಅಂತ ಹೆಸರಿರುವ ಗುಂಪು, 1947ರ ಪ್ಯಾರಿಸ್ ಒಪ್ಪಂದದಲ್ಲಿ. ಇಸವಿ ನೋಡಿದಿರಲ್ಲ? ಇಲ್ಲಿ ನಮ್ಮ ದೇಶಕ್ಕೆ ಗಡಿ ಬೀಳುತ್ತಿದ್ದ ವರ್ಷದಲ್ಲೇ ಅಲ್ಲಿ ಗ್ರೀಸ್‌ನ ಗಡಿ ಮುಗಿಯುತ್ತಿತ್ತು.

ಇದರ ನಡುವೆ ಒಂದು ಜಾಗ ಬಂದು ಕೈಬಿಟ್ಟುಹೋಯಿತು. ಸ್ಮಿರ್ನಾ, ತುರ್ಕಿ ಕರಾವಳಿಯ ಈಗಿನ ಇಝ್ಮೀರ್. 1919ರಲ್ಲಿ ಗ್ರೀಕ್ ಸೈನ್ಯ ಅಲ್ಲಿ ಇಳಿಯಿತು, 1922ರಲ್ಲಿ ಸೋತು ಹೊರಟಿತು, ಊರಿಗೆ ಬೆಂಕಿ ಬಿತ್ತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಂದೆ ನಡೆದಿದ್ದು ದಿವಾನಿಯವರ ಮತ್ತೊಂದು ಸಂಶೋಧನೆಯ ವಿಷಯ: ಅಲ್ಪಸಂಖ್ಯಾತರು.

ತೆರೆಯ ಮೇಲೆ: ಲೌಸಾನ್, 1923. ಬಾಣಗಳು ಎರಡೂ ದಿಕ್ಕಿಗೆ.

1923ರ ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಗ್ರೀಸ್, ತುರ್ಕಿ ಎರಡೂ ಒಂದು ಕಾಗದಕ್ಕೆ ಸಹಿ ಹಾಕಿದವು. ಜನರನ್ನೇ ಅದಲು ಬದಲು ಮಾಡಿಕೊಳ್ಳುವ ಒಪ್ಪಂದ. ಹನ್ನೆರಡು ಲಕ್ಷದಷ್ಟು ಕ್ರೈಸ್ತರು ಗ್ರೀಸ್‌ಗೆ ಬಂದರು. ನಾಲ್ಕು ಲಕ್ಷದ ಹತ್ತಿರ ಮುಸ್ಲಿಮರು ತುರ್ಕಿಗೆ ಹೋದರು. ಸಹಿ ಬೀಳುವ ಮೊದಲೇ ಓಡಿಬಂದವರೂ ಈ ಲೆಕ್ಕದಲ್ಲಿದ್ದಾರೆ. ಯಾರು ಎಲ್ಲಿಗೆ ಅಂತ ತೀರ್ಮಾನ ಆಗಿದ್ದು ಮಾತಾಡುವ ಭಾಷೆಯಿಂದ ಅಲ್ಲ, ಧರ್ಮದಿಂದ.

ಇದರಿಂದ ಆದ ತಮಾಷೆ ನೋಡಿ. ತಮಾಷೆ ಅನ್ನಬಾರದು, ಸಂಕಟ. ಅನತೋಲಿಯಾದ, ಅಂದರೆ ತುರ್ಕಿಯ ಏಷ್ಯಾ ಭಾಗದ, ಒಳನಾಡಿನಲ್ಲಿ ಕರಮನ್ಲಿ ಅನ್ನುವ ಕ್ರೈಸ್ತರಿದ್ದರು. ಮನೆಮಾತು ತುರ್ಕಿ. ಅದನ್ನು ಬರೆಯುತ್ತಿದ್ದದ್ದು ಗ್ರೀಕ್ ಲಿಪಿಯಲ್ಲಿ. ಇವರು 'ಗ್ರೀಕರು' ಅಂತಾಗಿ ಗ್ರೀಸ್‌ಗೆ ಬಂದರು. ಬಂದ ಊರಿನ ಅಂಗಡಿಯಲ್ಲಿ ಉಪ್ಪು ಕೇಳಲೂ ಎಷ್ಟೋ ಜನರಿಗೆ ಭಾಷೆ ಬರುತ್ತಿರಲಿಲ್ಲ. ಈ ಕಡೆ ಕ್ರೀಟ್ ದ್ವೀಪದ ಮುಸ್ಲಿಮರು ಮನೆಯಲ್ಲಿ ಗ್ರೀಕ್ ಮಾತಾಡುತ್ತಿದ್ದರು. ಅವರು 'ತುರ್ಕರು' ಅಂತಾಗಿ ಹಡಗು ಹತ್ತಿದರು. ಇಸ್ತಾಂಬುಲ್‌ನ ಗ್ರೀಕರಿಗೆ, ಪಶ್ಚಿಮ ಥ್ರೇಸ್‌ನ ಮುಸ್ಲಿಮರಿಗೆ ಮಾತ್ರ ಇದ್ದಲ್ಲೇ ಇರಲು ಬಿಟ್ಟರು.

ಹೀಗೆ ಉಳಿದವರನ್ನು ಯಾರು ಕಾಯಬೇಕು? ಆಗ ವಿಶ್ವಸಂಸ್ಥೆ ಇರಲಿಲ್ಲ. ಅದರ ಅಕ್ಕನಂತೆ ಜಿನೀವಾದಲ್ಲಿ ರಾಷ್ಟ್ರಸಂಘ ಇತ್ತು. ಅಲ್ಪಸಂಖ್ಯಾತರು ಅಲ್ಲಿಗೆ ಅರ್ಜಿ ಹಾಕಬಹುದಿತ್ತು. ಗ್ರೀಸ್ ಇಲ್ಲಿ ಎರಡೂ ಕುರ್ಚಿಯಲ್ಲಿ ಕೂತಿತ್ತು. ತನ್ನ ದೇಶದೊಳಗಿನ ಮುಸ್ಲಿಮರು, ಸ್ಲಾವ್ ಭಾಷಿಕರು, ಯೆಹೂದಿಗಳ ವಿಷಯದಲ್ಲಿ ಉತ್ತರ ಕೊಡಬೇಕಾದ ದೇಶವೂ ಅದೇ. ಇಸ್ತಾಂಬುಲ್‌ನ, ಅಲ್ಬೇನಿಯಾದ ಗ್ರೀಕರ ಪರವಾಗಿ ದೂರು ಹೇಳಬೇಕಾದ ದೇಶವೂ ಅದೇ. ಒಂದು ಬಾಯಲ್ಲಿ 'ಇದು ನಮ್ಮ ಮನೆಯ ವಿಷಯ', ಇನ್ನೊಂದು ಬಾಯಲ್ಲಿ 'ಅಲ್ಲಿ ಅನ್ಯಾಯ ಆಗ್ತಿದೆ'. ದಿವಾನಿಯವರ ಪುಸ್ತಕ ಇರುವುದು ಈ ರಾಷ್ಟ್ರಸಂಘದ ವ್ಯವಸ್ಥೆ ಮತ್ತು ಗ್ರೀಸ್ ಬಗ್ಗೆ. ಸ್ವಂತ ದೇಶದ ಬಗ್ಗೆ ಇಂಥ ವಿಷಯ ಆರಿಸಿಕೊಳ್ಳಲು ಧೈರ್ಯ ಬೇಕು ಅಂತ ನನಗನಿಸುತ್ತದೆ.

ಇವೆರಡೂ ಅಲ್ಲದೆ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಗ್ರೀಸ್ ಹಿಡಿದಾಗ ಲಂಡನ್‌ಗೆ, ಕೈರೋಗೆ ಓಡಾಡಿಕೊಂಡಿದ್ದ ಗ್ರೀಕ್ ಸರ್ಕಾರಗಳ ಮೇಲೂ ಇವರು ಕೆಲಸ ಮಾಡಿದ್ದಾರೆ. ನೆಲವಿಲ್ಲದ ಸರ್ಕಾರ ಗಡಿಯ ಬಗ್ಗೆ ಮಾತುಕತೆ ಮಾಡುವುದು ಹೇಗೆ? ಅದೇ ಒಂದು ವಿಡಿಯೋ ಆಗುತ್ತದೆ, ಇವತ್ತು ಬೇಡ.

ಸರಿ. ಇಷ್ಟು ಕಾಗದ ಪತ್ರ ಓದಿದವರು ಕಥೆ ಬರೆಯಲು ಕೂತಾಗ ಏನು ಮಾಡುತ್ತಾರೆ?

ಮೊದಲ ಕಥಾಸಂಕಲನ ಬಂದಿದ್ದು 1994ರಲ್ಲಿ, ಮೊದಲ ಕಾದಂಬರಿ 1997ರಲ್ಲಿ. ಅಂದರೆ ನಲವತ್ತರ ಆಸುಪಾಸಿನಲ್ಲಿ. ಆಮೇಲೆ ನಿಲ್ಲಿಸಲಿಲ್ಲ. ಆದರೆ ಗ್ರೀಸ್ ಆಚೆಗೆ ಇವರನ್ನು ಪರಿಚಯ ಮಾಡಿಸಿದ್ದು ಯಾವ ರಾಜನ ಕಥೆಯೂ ಅಲ್ಲ. ಒಂದು ಬೆಕ್ಕು.

ತೆರೆಯ ಮೇಲೆ: ಅಥೆನ್ಸ್‌ನ ಗೋಡೆ ಮೇಲೆ ಬಿಸಿಲು ಕಾಯಿಸುತ್ತಿರುವ ಬಿಳಿ ಬೆಕ್ಕು.

'ಏಳು ಜನ್ಮ, ಒಂದು ದೊಡ್ಡ ಪ್ರೀತಿ' ಅಂತ ಹೆಸರನ್ನು ಕನ್ನಡದಲ್ಲಿ ಹೇಳಬಹುದು. ಬೆಕ್ಕು ತನ್ನ ಆತ್ಮಕಥೆ ತಾನೇ ಹೇಳುತ್ತದೆ. ಇಂಗ್ಲಿಷ್ ಓದಿದವರಿಗೆ ಬೆಕ್ಕಿಗೆ ಒಂಬತ್ತು ಜೀವ. ಗ್ರೀಕರ ಮಾತಿನಲ್ಲಿ ಏಳೇ. ಬೆಕ್ಕನ್ನು 'ಏಳು ಪ್ರಾಣದ್ದು' ಅಂತಲೇ ಕರೆಯುತ್ತಾರೆ. ಏಳೇಳು ಜನ್ಮ ಅಂತ ಮಾತು ಮಾತಿಗೆ ಅನ್ನುವ ನಮಗೆ ಇದು ಬೇಗ ಹಿಡಿಸುತ್ತದೆ. ಈ ಬಿಳಿ ಬೆಕ್ಕು ಇರುವುದು ಏಳನೇ ಜನ್ಮದಲ್ಲಿ, ಅಂದರೆ ಕಡೇ ಚಾನ್ಸ್. ಅದು ಬಂದು ಸೇರಿಕೊಳ್ಳುವುದು ಒಬ್ಬ ಲೇಖಕಿಯ ಮನೆಗೆ. ಅವಳನ್ನು ಅದು ಒಂದು ಹಳೇ ಕಾಲದ ಗತ್ತಿನ ಪದದಿಂದ ಕರೆಯುತ್ತದೆ. ನಮ್ಮಲ್ಲಾದರೆ 'ಅಮ್ಮಣ್ಣಿ' ಅನ್ನಬಹುದು. ಅಮ್ಮಣ್ಣಿಯನ್ನು ತನ್ನ ದಾರಿಗೆ ತರುವುದೇ ಬೆಕ್ಕಿನ ಗುರಿ.

ಗಡಿಯ ಇತಿಹಾಸ ಬರೆದವರು ಬೆಕ್ಕನ್ನೇ ಯಾಕೆ ಹಿಡಿದರು? ಇದು ನನ್ನ ಊಹೆ ಅಷ್ಟೇ. ಬೆಕ್ಕು ಸಾಕಿದವರಿಗೆ ಗೊತ್ತು. ಹೊಸ ಮನೆಗೆ ಬಂದ ಬೆಕ್ಕು ಮೊದಲು ಮೂಲೆ ಮೂಲೆಗೆ ಕೆನ್ನೆ ಉಜ್ಜುತ್ತದೆ. ಸೋಫಾ ಕಾಲು, ಬಾಗಿಲ ಚೌಕಟ್ಟು, ಕೊನೆಗೆ ನಿಮ್ಮ ಮೊಣಕಾಲು. ನಾವು ಪ್ರೀತಿ ಅಂದುಕೊಳ್ಳುತ್ತೇವೆ. ಅದು ಗಡಿಕಲ್ಲು ನೆಡುತ್ತಿರುತ್ತದೆ. ಇಂಗ್ಲಿಷ್ ಅನುವಾದ 2014ರಲ್ಲಿ ಬಂದಿದೆ, ಗ್ರೀಕ್ ಬಾರದ ನಮ್ಮಂಥವರು ಅಲ್ಲಿಂದಲೇ ಶುರು ಮಾಡಬೇಕು.

ಇನ್ನೊಂದು ಪುಸ್ತಕದ ಬಗ್ಗೆ ಹೇಳದೆ ಹೋದರೆ ಈ ವಿಡಿಯೋ ಅರ್ಧಂಬರ್ಧ. ಹೆಸರು 'ಕಹಿ ಲೋಟ' ಅನ್ನುವ ಅರ್ಥದ್ದು. ಅದರಲ್ಲಿರುವವರು ಯೊಆನಿಸ್ ಕಪೋದಿಸ್ತ್ರಿಯಾಸ್, ರೊಕ್ಸಾಂಡ್ರಾ ಅನ್ನುವ ಹೆಣ್ಣುಮಗಳು, ಮತ್ತೆ ಗ್ರೀಸ್ ದೇಶ.

ಕಪೋದಿಸ್ತ್ರಿಯಾಸ್ ಹುಟ್ಟಿದ್ದು 1776ರಲ್ಲಿ, ಕೊರ್ಫು ದ್ವೀಪದಲ್ಲಿ. ಓದಿದ್ದು ವೈದ್ಯಕೀಯ. ಏರಿದ್ದು ರಷ್ಯಾದ ಚಕ್ರವರ್ತಿಯ ವಿದೇಶಾಂಗ ಮಂತ್ರಿ ಪದವಿಗೆ. ರೊಕ್ಸಾಂಡ್ರಾ ಸ್ತುರ್ಜಾ ಅದೇ ಅರಮನೆಯಲ್ಲಿ ರಾಣಿಯ ಸಖಿ. ಇಬ್ಬರಿಗೂ ಆಳವಾದ ಸ್ನೇಹ. ಮದುವೆ ಆಗಲಿಲ್ಲ. 1816ರಲ್ಲಿ ಅವಳು ಎಡ್ಲಿಂಗ್ ಅನ್ನುವ ಜರ್ಮನ್ ಕೌಂಟ್‌ನನ್ನು ಮದುವೆಯಾದಳು. ಅವನು ಕೊನೆವರೆಗೂ ಒಂಟಿ. 1828ರ ಜನವರಿಯಲ್ಲಿ ಗ್ರೀಸ್‌ನ ಮೊದಲ ಆಡಳಿತಗಾರನಾಗಿ ನಾಫ್ಪ್ಲಿಯೋ ಬಂದರಿನಲ್ಲಿ ಇಳಿದಾಗ ಕೈಯಲ್ಲಿ ಖಜಾನೆ ಇಲ್ಲ, ಕಂದಾಯ ಇಲ್ಲ. ಇದ್ದದ್ದು ಯುದ್ಧದಿಂದ ಹಸಿದ ಜನ.

ಇವನ ಬಗ್ಗೆ ಗ್ರೀಸ್‌ನಲ್ಲಿ ಒಂದು ಕಥೆ ಎಲ್ಲರಿಗೂ ಬಾಯಿಪಾಠ. ಜನಕ್ಕೆ ಆಲೂಗಡ್ಡೆ ಪರಿಚಯ ಮಾಡಿಸಲು ಪುಕ್ಕಟೆ ಹಂಚಿದನಂತೆ, ಯಾರೂ ಮೂಸಿ ನೋಡಲಿಲ್ಲ. ಆಗ ಬಂದರಿನಲ್ಲಿ ಆಲೂಗಡ್ಡೆ ರಾಶಿ ಹಾಕಿಸಿ ಸುತ್ತ ಬಂದೂಕಿನ ಕಾವಲು ನಿಲ್ಲಿಸಿದ. ಕಾವಲಿದೆ ಅಂದ ಮೇಲೆ ಬೆಲೆಬಾಳುವ ವಸ್ತುವೇ ಇರಬೇಕು! ರಾತ್ರೋರಾತ್ರಿ ರಾಶಿ ಕಳ್ಳತನವಾಯಿತು. ಕೇಳಲು ಎಷ್ಟು ಚೆಂದ. ಆದರೆ ಇದೇ ಕಥೆಯನ್ನು ಫ್ರಾನ್ಸ್‌ನಲ್ಲಿ ಪಾರ್ಮಾಂತಿಯೇ ಬಗ್ಗೆ ಹೇಳುತ್ತಾರೆ, ಪ್ರಷ್ಯಾದಲ್ಲಿ ಫ್ರೆಡರಿಕ್ ರಾಜನ ಬಗ್ಗೆಯೂ ಹೇಳುತ್ತಾರೆ. ಪಾಠ ಮಾಡುವ ಮೇಡಂ ಇದನ್ನು ಕೇಳಿ 'ದಾಖಲೆ ಎಲ್ಲಿ?' ಅನ್ನಬೇಕು. ಕಾದಂಬರಿಕಾರ್ತಿ ಮಾತ್ರ ಕಾವಲುಗಾರನ ಮುಖ ಹೇಗಿತ್ತು ಅಂತ ಯೋಚಿಸಬಹುದು. ಎರಡೂ ಒಬ್ಬರ ತಲೆಯಲ್ಲೇ ಇದ್ದರೆ ಸುಮ್ನೆ ಕೂರಲು ಆಗುತ್ತಾ?

ತೆರೆಯ ಮೇಲೆ: ನಾಫ್ಪ್ಲಿಯೋ. ಕಿರಿದಾದ ಗಲ್ಲಿ, ಸಂತ ಸ್ಪಿರಿಡಾನ್ ಚರ್ಚಿನ ಬಾಗಿಲು.

1831ರ ಅಕ್ಟೋಬರ್ 9. ಭಾನುವಾರ ಬೆಳಗ್ಗೆ. ಪ್ರಾರ್ಥನೆಗೆ ಅಂತ ಕಪೋದಿಸ್ತ್ರಿಯಾಸ್ ಈ ಚಿಕ್ಕ ಚರ್ಚಿಗೆ ನಡೆದು ಬಂದ. ಬಾಗಿಲ ಹತ್ತಿರ ಮಾವ್ರೊಮಿಖಾಲಿಸ್ ಮನೆತನದ ಇಬ್ಬರು ಕಾಯುತ್ತಿದ್ದರು, ಕೊನ್‌ಸ್ತಾಂತಿನೋಸ್ ಮತ್ತು ಅವನ ಅಣ್ಣನ ಮಗ ಯೊರ್ಗೋಸ್. ಅವರ ಮನೆ ಹಿರಿಯ ಪೆತ್ರೋಬೇಯನ್ನು ಕಪೋದಿಸ್ತ್ರಿಯಾಸ್ ಜೈಲಿಗೆ ಹಾಕಿಸಿದ್ದ, ಆ ಸಿಟ್ಟು. ಒಬ್ಬ ಗುಂಡು ಹಾರಿಸಿದ, ಇನ್ನೊಬ್ಬ ಚೂರಿ ಹಾಕಿದ. ಬಾಗಿಲ ಪಕ್ಕದ ಗೋಡೆಯಲ್ಲಿ ಗುಂಡು ತಗುಲಿದ ಗುರುತು ಅಂತ ಒಂದು ಚಿಕ್ಕ ಕುಳಿಗೆ ಗಾಜು ಮುಚ್ಚಿ ಇಟ್ಟಿದ್ದಾರೆ. ಹೋದವರೆಲ್ಲ ಬಗ್ಗಿ ನೋಡುತ್ತಾರೆ.

ಮುಂದಿನ ವರ್ಷ ಅವನ ತಮ್ಮ ಹೆಣವನ್ನು ಹಡಗಿನಲ್ಲಿ ಕೊರ್ಫುಗೆ ಸಾಗಿಸಿದ. ಪ್ಲಾತಿತೇರಾ ಅನ್ನುವ ಮಠದಲ್ಲಿ ಅಪ್ಪನ ಪಕ್ಕದಲ್ಲಿ ಮಣ್ಣು ಮಾಡಿದರು. ಅದು 1832. ಶುರುವಿನಲ್ಲಿ ತೋರಿಸಿದ ಕೆಂಪು ಗೆರೆ ಎಳೆದ ವರ್ಷ. ನಕ್ಷೆಯಲ್ಲಿ ಈಗ ಕೊರ್ಫು ಎಲ್ಲಿದೆ ನೋಡಿ. ಗೆರೆಯ ಆಚೆ, ಬ್ರಿಟಿಷ್ ಬಾವುಟದ ಕೆಳಗೆ. ಗ್ರೀಸ್‌ನ ಮೊದಲ ಆಡಳಿತಗಾರನ ಸಮಾಧಿ ಇನ್ನು 32 ವರ್ಷ ಗ್ರೀಸ್‌ನ ಹೊರಗೇ ಇತ್ತು.