ಕುಳ್ಳು ಹಾಕಿದ್ರ ದನಿ ಏರೋ ಹಲಗಿ

ಇದನ್ನ ಕೇಳ್ರಿ. ಕಾಯಿಸದ ಹಲಗಿ. ಈಗ ಇದನ್ನ ಕೇಳ್ರಿ. ಅದ ಹಲಗಿ, ಬೆಂಕಿಗೆ ಹಿಡಿದ ಮ್ಯಾಲ. ಈ ಎರಡು ದನಿ ನಡುವಿನ ಫರಕು ಇಟ್ಕೊಂಡ ನಾ ಈ ಹೋಳಿ ಹುಣ್ಣಿಮಿಗೆ ಒಂದು ಆಟದ ಪ್ರೋಗ್ರಾಮ್ ಕಟ್ಟಾಕತ್ತೀನಿ.

ಬಾಗಲಕೋಟಿ ಹೋಳಿ ಅಂದ್ರ ಬರೇ ಬಣ್ಣ ಅಲ್ರಿ. ಬಣ್ಣದ ಬ್ಯಾರಲ್ ಹೊತ್ತ ಬಂಡಿ ಬರೂಕಿಂತ ಮೊದಲ ಹಲಗಿ ಬರತೈತಿ. ಕಿಲ್ಲಾ ಓಣ್ಯಾಗ, ಹೊಸಪ್ಯಾಟಿ ಓಣ್ಯಾಗ ರಾತ್ರಿ ಮಜಲು, ಅಂದ್ರ ತಾಳ ಹಿಡದು ಹಲಗಿ ಬಾರಸೂದು, ಶುರು ಆತಂದ್ರ ಯಾರಿಗೂ ನಿದ್ದಿ ನೆನಪಾಗೂದಿಲ್ಲ. ಆಲಮಟ್ಟಿ ಹಿನ್ನೀರು ಬಂದು ನಮ್ಮ ಮನಿ ನವನಗರಕ್ಕ ಹೋತು. ಆದ್ರ ಹೋಳಿಗೆ ನಾವು ಹಳೇ ಓಣಿಗೇ ಬರೂದು.

ಫೋನಿನ್ಯಾಗ ಡ್ರಮ್ ಬಾರಸೂ ಆಪ್ ಬೇಕಾದಷ್ಟು ಅದಾವ. ನೂರು ಸಲ ಒತ್ತಿದ್ರೂ ಅದ ದನಿ. ಹಲಗಿ ಹಂಗಲ್ಲ. ತೊಗಲು ತ್ಯಾವ ಹೀರಿ ಸಡ್ಲ ಆಗತೈತಿ, ದನಿ ಇಳೀತೈತಿ. ಬೆಂಕಿ ಮುಂದ ಹಿಡದ್ರ ತ್ಯಾವ ಆರಿ ಬಿಗೀತೈತಿ, ದನಿ ಏರತೈತಿ. ನಮ್ಮ ಓಣಿ ಹಲಗಿ ಕಾಕಾರ ಕಡೆ ರೆಕಾರ್ಡ್ ಮಾಡಾಕ ಹೋದಾಗ, "ತಡಿ ತಮ್ಮಾ, ಮೊದಲ ಕಾಸ್ತೀನಿ. ಥಂಡಿ ಹಲಗಿ ದನಿ ಹಿಡ್ಕೊಂಡು ಏನ್ ಮಾಡ್ತಿ?" ಅಂದ್ರು. ನಂಗ ಎರಡೂ ಬೇಕು ಕಾಕಾ, ಅಂದೆ.

ಈಗ ಪರದೆ ನೋಡ್ರಿ. ನಡುವ ಕಾಮಣ್ಣನ ಬೆಂಕಿ, ಸುತ್ತ ಐದು ಹಲಗಿ. ಹಲಗಿ ನಡುವ ಒತ್ತಿದ್ರ ದಪ್ಪ ಕಡ್ಡಿ ಪೆಟ್ಟು, ಅಂಚಿಗೆ ಒತ್ತಿದ್ರ ತೆಳ್ಳನ ಕಡ್ಡಿ ಪೆಟ್ಟು. ಒತ್ತಿದಲ್ಲೆಲ್ಲ ಬಣ್ಣ ಚಿಮ್ಮತೈತಿ. ಬಾರಿಸ್ತಾ ಬಾರಿಸ್ತಾ ಹಲಗಿ ಸಡ್ಲ ಬೀಳತೈತಿ. ಆಗ ಕುಳ್ಳು (ಸಗಣಿ ಬೆರಣಿ) ಹುಡಕಿ ಬೆಂಕಿಗೆ ಹಾಕಬೇಕು, ಹಲಗಿ ಎಳದು ಹತ್ರ ತರಬೇಕು. ಕುಳ್ಳು ಸುಮ್ನ ಸಿಗೂದಿಲ್ಲ, ಮನಿಗಳ ಹಿತ್ತಲದಾಗ ಅಡಗಿಸೀನಿ. ಹೋಳ್ಯಾಗ ಕುಳ್ಳು, ಕಟಗಿ ಕದಿಯೂದು ಹುಡುಗ್ರ ಹಕ್ಕಲ್ಲೇನ್ರಿ?

ಒಳಗಿನ ಕೆಲಸ ವೆಬ್ ಆಡಿಯೋದ್ದು, ಅಂದ್ರ ಬ್ರೌಸರಿನ್ಯಾಗ ದನಿ ನುಡಸೂ ವ್ಯವಸ್ಥಾದ್ದು. ಬೆಂಕಿಗೆ ಹತ್ರ ಆದಂಗ ದನಿ ಓಡೂ ವೇಗ 1ರಿಂದ 1.12ಕ್ಕ ಏರತೈತಿ. ಅಂದ್ರ ಎರಡು ಸೆಮಿಟೋನ್, ಹಿಂದೂಸ್ತಾನಿ ಲೆಕ್ಕದಾಗ ಷಡ್ಜದಿಂದ ಶುದ್ಧ ರಿಷಭದ ತನಕ. ವೇಗ ಏರಿದ್ರ ದನಿ ಗಿಡ್ಡನೂ ಆಗತೈತಿ. ಬಿಗಿದ ತೊಗಲಿಗೆ ಅದು ಭಾಳ ಛಲೋ ಒಪ್ಪತೈತಿ.

ಹಿಂದ ತಾನ ನಡಿಯೂ ಮಜಲಿಗೆ ಮಾತ್ರ ಬ್ರೌಸರಿನ ಮಾಮೂಲಿ ಟೈಮರ್ ಆದ ಸೆಟ್‌ಟೈಮೌಟ್ ಒಂದನ್ನ ನಂಬಬ್ಯಾಡ್ರಿ. ಬಣ್ಣ ಚಿಮ್ಮೂ ಚಿತ್ರ ಬಿಡಸ್ಕೋತ ಕುಂತ್ರ ಪೆಟ್ಟು ತಡ ಬೀಳತೈತಿ. ನಿಮಿಷಕ್ಕ 120 ಬೀಟ್ ಇದ್ರ ಅರ್ಧ ಬೀಟ್ ಅಂದ್ರ 0.25 ಸೆಕೆಂಡ್. ಅದರಾಗ 0.03 ಸೆಕೆಂಡ್ ಆಚೀಚೆ ಆದ್ರೂ ಹಲಗಿ ಕೇಳಿ ಬೆಳದವ್ರ ಕಿವಿಗೆ ಗೊತ್ತಾಗಿಬಿಡತೈತಿ. ಅದಕ್ಕ ಆಡಿಯೋದ್ದ ಸ್ವಂತ ಗಡಿಯಾರ ನೋಡಿ ಮುಂದಿನ ಪೆಟ್ಟು ಮೊದಲ ಹೇಳಿಟ್ಟಿರತೀನಿ.

ಇನ್ನೊಂದು, ಯಾರರ ಮುಟ್ಟೂತನಕ ಬ್ರೌಸರ್ ಸಪ್ಪಳ ಮಾಡಾಕ ಬಿಡೂದಿಲ್ಲ. ಅದೂ ನಂಗ ಉಪಯೋಗಕ್ಕ ಬಂತು. ಮೊದಲನೇ ಪರದೆ ಮ್ಯಾಲ ಒಂದ ಬಟನ್: "ಕಾಮಣ್ಣಗ ಬೆಂಕಿ ಹಚ್ಚ್ರಿ."

ಶಹನಾಯಿ ಸೇರಸು ಅಂತ ದೋಸ್ತರು ಹೇಳ್ಯಾರ. ಈ ವರ್ಷ ಬ್ಯಾಡ, ಹಲಗಿ ಒಂದ ನೆಟ್ಟಗ ಕೇಳಲಿ. ಅಕ್ಕನ ಮಗಳು ಆಡಾಕ ಕುಂತಾಗ ಐದೂ ಹಲಗಿ ಕಾಯೂ ಮಟ ಒಂದ ಪೆಟ್ಟೂ ಹಾಕಲಿಲ್ಲ. ಕಾದ ಮ್ಯಾಲ ಶುರು ಮಾಡಿದ್ಲು ನೋಡ್ರಿ! ಈಗ ಹತ್ತು ಬೆರಳು ಒಮ್ಮೆಲೆ ಹಿಡಿಯೂ ಕೆಲಸ ಉಳದೈತಿ. ಅದಾದ್ರ ಓಣಿ ಹುಡುಗ್ರು ಒಂದ ಟ್ಯಾಬ್ ಸುತ್ತ ಕುಂತು ಐದೂ ಹಲಗಿ ಕೂಡೇ ಬಾರಸಬಹುದು.