ಆಡಿದ ಮಾತನ್ನು ಹೆಕ್ಕಿ ತರುವ ಪ್ರೋಟೀನುಗಳು

[ಕಪ್ಪು ಪರದೆ. ಎರಡು ನರಕೋಶಗಳ ತುದಿಗಳು ನಿಧಾನವಾಗಿ ಹತ್ತಿರ ಬರುತ್ತವೆ. ಮುಟ್ಟೋದಿಲ್ಲ. ನಡುವೆ ಕೂದಲೆಳೆಗಿಂತ ಕಿರಿದಾದ ಸಂದು ಉಳಿಯುತ್ತೆ.]

ನಮಸ್ಕಾರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನೋ ಗಾದೆ ನಿಮಗೆ ಗೊತ್ತು. ಮಿದುಳಿನೊಳಗೆ ಈ ಗಾದೆ ನಡೆಯೋದಿಲ್ಲ. ಅಲ್ಲಿ ಒಂದು ನರಕೋಶ ಪಕ್ಕದ ಕೋಶಕ್ಕೆ ಆಡಿದ ಮಾತನ್ನು ತಾನೇ ಹೆಕ್ಕಿ ಒಳಗೆ ಎಳೆದುಕೊಳ್ಳುತ್ತೆ, ಜೋಪಾನವಾಗಿ ಕಟ್ಟಿಡುತ್ತೆ, ಮುಂದಿನ ಸಲ ಅದನ್ನೇ ಮತ್ತೆ ಆಡುತ್ತೆ.

ನರಕೋಶಗಳು ಮಾತಾಡೋ ಚಿತ್ರವನ್ನು ಶಾಲೆಯ ಪುಸ್ತಕದಲ್ಲಿ ನೋಡಿರ್ತೀರಿ. ಎರಡು ಕೋಶಗಳು ಎದುರಾಗುವ ಜಾಗ, ಅಂದರೆ ಸಿನಾಪ್ಸ್. ಅಲ್ಲಿ ಸುಮಾರು 20 ನ್ಯಾನೋಮೀಟರ್ ಅಗಲದ ಸಂದು. ವಿದ್ಯುತ್ ಸಂಕೇತ ಬಂದು ಆ ಸಂದಿನ ಅಂಚಿಗೆ ನಿಲ್ಲುತ್ತೆ. ಅಲ್ಲಿಂದಾಚೆಗೆ ಸುದ್ದಿ ಒಯ್ಯೋದು ರಾಸಾಯನಿಕಗಳು: ಗ್ಲುಟಮೇಟ್, ಗಾಬಾ, ಡೋಪಮೈನ್, ಸೆರೊಟೋನಿನ್, ನಾರ್‌ಅಡ್ರಿನಲಿನ್. ಇವನ್ನೇ ನ್ಯೂರೋಟ್ರಾನ್ಸ್‌ಮಿಟರ್ ಅಂತೀವಿ. ಒಂದು ದಡದಲ್ಲಿ ಸುರಿದವು, ಆಚೆ ದಡದಲ್ಲಿ ಅವನ್ನು ಹಿಡಿಯೋಕೆ ಕಾದಿರುವ ರಿಸೆಪ್ಟರ್‌ಗೆ ಅಂಟಿದವು, ಸುದ್ದಿ ಮುಟ್ಟಿತು. ಚಿತ್ರ ಅಲ್ಲಿಗೆ ಮುಗಿಯುತ್ತೆ.

ಆ ಚಿತ್ರದ ಬಗ್ಗೆ ನನಗೆ ಮೊದಲಿನಿಂದಲೂ ಒಂದು ತಕರಾರು. ಸುರಿದ ಅಣುಗಳು ಆಮೇಲೆ ಎಲ್ಲಿ ಹೋದವು? ಅಲ್ಲೇ ಉಳಿದಿದ್ದರೆ ಎದುರಿನ ಕೋಶಕ್ಕೆ ಅದೇ ಸುದ್ದಿ ಕೇಳಿಸುತ್ತಲೇ ಇರಬೇಕು. ಬರೆದ ಸ್ಲೇಟನ್ನು ಒರೆಸದೆ ಅದರ ಮೇಲೇ ಬರೆಯುತ್ತಾ ಹೋದರೆ ಏನು ಓದೋಕಾಗುತ್ತೆ? ಇವತ್ತಿನ ವಿಡಿಯೋ ಆ ಒರೆಸುವ ಕೈಗಳ ಬಗ್ಗೆ.

[ಹಳೆಯ ಪ್ರಯೋಗಾಲಯದ ರೇಖಾಚಿತ್ರ. ಒಂದು ಕಣ್ಣಿಗೆ ಕಪ್ಪು ಗಾಜಿನ ಕನ್ನಡಕ ಹಾಕಿದ ವಿಜ್ಞಾನಿ.]

1950ರ ದಶಕದಲ್ಲಿ ಹೆಚ್ಚಿನವರ ಉತ್ತರ ಸರಳವಾಗಿತ್ತು. ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು, ಈ ಅಣುಗಳನ್ನು ಕತ್ತರಿಸಿ ಹಾಕುತ್ತವೆ ಅಂತ. ಹಾಗೆ ನಂಬೋಕೆ ಕಾರಣವೂ ಇತ್ತು. ಅಸಿಟೈಲ್‌ಕೋಲಿನ್ ಅನ್ನೋ ನ್ಯೂರೋಟ್ರಾನ್ಸ್‌ಮಿಟರ್ ವಿಷಯದಲ್ಲಿ ನಡೆಯೋದು ಅದೇ. ಸಂದಿನಲ್ಲೇ ಕಾದು ಕೂತ ಒಂದು ಕಿಣ್ವ ಅದನ್ನು ಕ್ಷಣಾರ್ಧದಲ್ಲಿ ತುಂಡು ಮಾಡುತ್ತೆ. ಹಾಗಾದರೆ ಉಳಿದವುಗಳ ಗತಿಯೂ ಅದೇ ಇರಬೇಕು ಅಂದುಕೊಂಡರು.

ಅಮೆರಿಕದ ಜೂಲಿಯಸ್ ಆಕ್ಸೆಲ್‌ರಾಡ್ ಅವರಿಗೆ ಇದು ಸರಿ ಕಾಣಲಿಲ್ಲ. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು. ಹುಟ್ಟಿದ್ದು 1912ರಲ್ಲಿ, ನ್ಯೂಯಾರ್ಕ್‌ನಲ್ಲಿ. ವೈದ್ಯಕೀಯ ಓದಬೇಕು ಅಂತ ಆಸೆ, ಸೀಟು ಸಿಗಲಿಲ್ಲ. ವರ್ಷಗಟ್ಟಲೆ ಪ್ರಯೋಗಾಲಯದ ಸಹಾಯಕರಾಗಿ ದುಡಿದರು. ಅಮೋನಿಯಾ ಬಾಟಲಿ ಸಿಡಿದು ಒಂದು ಕಣ್ಣು ಹೋಯಿತು. ಪಿಎಚ್‌ಡಿ ಸಿಕ್ಕಿದ್ದು 1955ರಲ್ಲಿ, ನಲವತ್ತು ದಾಟಿದ ಮೇಲೆ.

ನಾರ್‌ಅಡ್ರಿನಲಿನ್ ಅನ್ನು ಕೆಡಿಸುವ ಒಂದು ಕಿಣ್ವವನ್ನು ಕಂಡುಹಿಡಿದವರು ಇದೇ ಆಕ್ಸೆಲ್‌ರಾಡ್. ಇನ್ನೊಂದು ಕಿಣ್ವ ಮೊದಲೇ ಗೊತ್ತಿತ್ತು. ಎರಡನ್ನೂ ಔಷಧಿ ಕೊಟ್ಟು ತಡೆದರೂ ನಾರ್‌ಅಡ್ರಿನಲಿನ್‌ನ ಪ್ರಭಾವ ಬೇಗನೇ ಇಳಿದುಹೋಗ್ತಿತ್ತು. ತಮ್ಮದೇ ಕಿಣ್ವದಿಂದ ಉತ್ತರ ಸಿಗಲಿಲ್ಲ ಅಂತ ಒಪ್ಪಿಕೊಂಡು ಮುಂದೆ ಹುಡುಕಿದರಲ್ಲ, ಆ ಗುಣ ನನಗೆ ತುಂಬಾ ಇಷ್ಟ.

ಅವರೂ ಜೊತೆಗಾರರೂ ಮಾಡಿದ ಪ್ರಯೋಗ ಕೇಳಿ. ಬೆಕ್ಕಿನ ಕುತ್ತಿಗೆಯ ಒಂದು ಬದಿಯ ನರಗಂಟನ್ನು ತೆಗೆದುಹಾಕಿದರು. ಆ ಬದಿಯ ನರದ ತುದಿಗಳು ಸಾಯುವವರೆಗೆ ಕಾದರು. ಆಮೇಲೆ ವಿಕಿರಣಶೀಲ ಗುರುತು ಹಾಕಿದ ನಾರ್‌ಅಡ್ರಿನಲಿನ್ ಅನ್ನು ರಕ್ತಕ್ಕೆ ಚುಚ್ಚಿದರು. ನರ ಜೀವಂತ ಇದ್ದ ಬದಿಯ ಲಾಲಾಗ್ರಂಥಿ, ಕಣ್ಣಿನ ಸ್ನಾಯುಗಳಲ್ಲಿ ಆ ಗುರುತು ತುಂಬಿಕೊಂಡಿತ್ತು. ನರ ಸತ್ತ ಬದಿಯಲ್ಲಿ ಹೆಚ್ಚೇನೂ ಇರಲಿಲ್ಲ. ಅಂದರೆ ನಾರ್‌ಅಡ್ರಿನಲಿನ್ ಅನ್ನು ಒಳಗೆ ಎಳೆದುಕೊಂಡದ್ದು ಅದನ್ನು ಸುರಿಯುವ ನರದ ತುದಿಯೇ! ಇದು 1961ರ ಮಾತು. ಕೊಕೇನ್ ಕೊಟ್ಟರೆ ಈ ಎಳೆದುಕೊಳ್ಳುವಿಕೆ ನಿಲ್ಲುತ್ತೆ ಅನ್ನೋದೂ ಅದೇ ಸಮಯದಲ್ಲಿ ಕಂಡಿತು. 1970ರಲ್ಲಿ ಬರ್ನಾರ್ಡ್ ಕಾಟ್ಸ್ ಮತ್ತು ಉಲ್ಫ್ ಫಾನ್ ಆಯ್ಲರ್ ಜೊತೆ ಆಕ್ಸೆಲ್‌ರಾಡ್ ಅವರಿಗೆ ನೊಬೆಲ್ ಬಂತು.

ಸರಿ, ಎಳೆದುಕೊಳ್ಳುತ್ತೆ. ಹೇಗೆ?

[ಕೋಶಪೊರೆಯ ಅಡ್ಡಸೀಳಿಕೆ. ಪೊರೆಯಲ್ಲಿ ಹುದುಗಿದ ಒಂದು ಪ್ರೋಟೀನ್. ಹೊರಗೆ ದಟ್ಟವಾದ ಸೋಡಿಯಂ ಚುಕ್ಕೆಗಳು, ಒಳಗೆ ವಿರಳ.]

ಕೋಶದ ಪೊರೆ ಕೊಬ್ಬಿನದು. ಡೋಪಮೈನ್, ಗ್ಲುಟಮೇಟ್‌ನಂಥ ಅಣುಗಳು ಅದನ್ನು ಸುಲಭವಾಗಿ ದಾಟಲಾರವು. ಅದೂ ಅಲ್ಲದೆ ಕೋಶದೊಳಗೆ ಈ ಅಣುಗಳು ಆಗಲೇ ಕಿಕ್ಕಿರಿದಿವೆ. ಗ್ಲುಟಮೇಟ್ ಅಂತೂ ಹೊರಗಿಗಿಂತ ಒಳಗೆ ಸಾವಿರಾರು ಪಟ್ಟು ಹೆಚ್ಚು. ತುಂಬಿದ ಕೋಣೆಯೊಳಗೆ ಇನ್ನೊಬ್ಬರನ್ನು ನೂಕೋಕೆ ಬಲ ಬೇಕು. ಆ ಬಲ ಬರೋದು ಸೋಡಿಯಂನಿಂದ. ಅದು ಒಳಗಿಗಿಂತ ಹೊರಗೆ ಸುಮಾರು ಹತ್ತು ಪಟ್ಟು ದಟ್ಟ, ಜೊತೆಗೆ ಕೋಶದ ಒಳಭಾಗ ಋಣ ವಿದ್ಯುತ್ತಿನದು. ಸೋಡಿಯಂ ಒಳನುಗ್ಗೋಕೆ ಸದಾ ತುದಿಗಾಲಲ್ಲಿ ನಿಂತಿರುತ್ತೆ. ಪೊರೆಯಲ್ಲಿ ಹುದುಗಿ ಅಣುಗಳನ್ನು ದಾಟಿಸುವ ಟ್ರಾನ್ಸ್‌ಪೋರ್ಟರ್ ಪ್ರೋಟೀನ್ ಅದಕ್ಕೆ ದಾರಿ ಬಿಡುತ್ತೆ, ಆದರೆ ಒಂದು ಷರತ್ತಿನ ಮೇಲೆ: ಬರುವಾಗ ನ್ಯೂರೋಟ್ರಾನ್ಸ್‌ಮಿಟರ್ ಅನ್ನೂ ಕರೆದುಕೊಂಡು ಬಾ. ಗಾಬಾದ ಒಂದು ಅಣುವಿಗೆ ಎರಡು ಸೋಡಿಯಂ, ಒಂದು ಕ್ಲೋರೈಡ್. ಗ್ಲುಟಮೇಟ್‌ಗೆ ಮೂರು ಸೋಡಿಯಂ, ಒಂದು ಪ್ರೋಟಾನ್ ಒಳಗೆ. ಬದಲಿಗೆ ಒಂದು ಪೊಟ್ಯಾಸಿಯಂ ಹೊರಗೆ.

ಒಳಬಂದ ಸೋಡಿಯಂ ಅಲ್ಲೇ ಉಳಿದರೆ ಈ ಒತ್ತಡ ಕ್ರಮೇಣ ಇಳಿದುಹೋಗುತ್ತೆ. ಅದಕ್ಕೇ ಇನ್ನೊಂದು ಪಂಪ್ ಹಗಲಿರುಳೂ ಮೂರು ಸೋಡಿಯಂ ಹೊರಹಾಕಿ ಎರಡು ಪೊಟ್ಯಾಸಿಯಂ ಒಳತರುತ್ತಿರುತ್ತೆ, ಕೋಶದ ಇಂಧನವಾದ ಎಟಿಪಿ ಸುಡುತ್ತಾ. ದೇಹದ ತೂಕದಲ್ಲಿ ಸುಮಾರು 2 ಶೇಕಡಾ ಇರುವ ಮಿದುಳು ದೇಹದ ಶಕ್ತಿಯಲ್ಲಿ ಸುಮಾರು 20 ಶೇಕಡಾ ಬಳಸುತ್ತೆ. ಅದರಲ್ಲಿ ದೊಡ್ಡ ಪಾಲು ಈ ಪಂಪಿಗೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತೆ.

ಈಗ ನನ್ನ ಅಚ್ಚುಮೆಚ್ಚಿನ ಭಾಗ. ಈ ಪ್ರೋಟೀನಿನಲ್ಲಿ ಆರಪಾರ ತೂತು ಇರುವಂತಿಲ್ಲ. ಇದ್ದರೆ ಒಳಗೆ ಕೂಡಿಟ್ಟದ್ದೆಲ್ಲ ಹೊರಗೆ ಸೋರಿಹೋಗುತ್ತೆ. ಎರಡು ಬಾಗಿಲಿನ ಒಂದು ಕಿರುಕೋಣೆ ಊಹಿಸಿಕೊಳ್ಳಿ. ಹೊರಬಾಗಿಲು ತೆರೆದಾಗ ಒಳಬಾಗಿಲು ಮುಚ್ಚಿರಲೇಬೇಕು. ಅಣುವೂ ಸೋಡಿಯಂಗಳೂ ಒಳಗೆ ಬಂದು ತಂತಮ್ಮ ಜಾಗದಲ್ಲಿ ಕೂರುತ್ತವೆ. ಹೊರಬಾಗಿಲು ಮುಚ್ಚುತ್ತೆ. ಒಂದರೆಗಳಿಗೆ ಎರಡೂ ಮುಚ್ಚಿರುತ್ತವೆ. ಆಮೇಲೆ ಒಳಬಾಗಿಲು ತೆರೆಯುತ್ತೆ. 1966ರಲ್ಲೇ ಓಲೆಗ್ ಯಾರ್ಡೆಟ್ಸ್ಕಿ ಕಾಗದದ ಮೇಲೆ ಇಂಥದ್ದೊಂದು ಮಾದರಿ ಬರೆದಿದ್ದರು. ಯಾರೂ ಅದನ್ನು ಕಣ್ಣಾರೆ ಕಂಡಿರಲಿಲ್ಲ, ಅಷ್ಟೆ.

ಕಣ್ಣಿಗೆ ಬಿದ್ದದ್ದು 2005ರಲ್ಲಿ, ಅದೂ ಮಿದುಳೇ ಇಲ್ಲದ ಜೀವಿಯಲ್ಲಿ! ಆಕ್ವಿಫೆಕ್ಸ್ ಇಯೋಲಿಕಸ್ ಅನ್ನೋ ಬ್ಯಾಕ್ಟೀರಿಯಾ, ಕುದಿಯುವುದಕ್ಕೆ ಹತ್ತಿರದಷ್ಟು ಬಿಸಿ ನೀರಲ್ಲಿ ಬದುಕುತ್ತೆ. ಅದರಲ್ಲಿ ಲ್ಯೂಟಿ ಅನ್ನೋ ಪ್ರೋಟೀನ್ ಇದೆ. ಅದು ನಮ್ಮ ಡೋಪಮೈನ್, ಸೆರೊಟೋನಿನ್, ಗಾಬಾ ಟ್ರಾನ್ಸ್‌ಪೋರ್ಟರ್‌ಗಳ ದೂರದ ನೆಂಟ. ಎರಿಕ್ ಗೌ ಅವರ ತಂಡ ಅದರ ಹರಳು ಕಟ್ಟಿ ಎಕ್ಸ್-ರೇ ಹಾಯಿಸಿತು. ಪೊರೆಯನ್ನು ಹನ್ನೆರಡು ಸಲ ಹೊಲಿದಂತೆ ಹಾದುಹೋಗುವ ಸುರುಳಿಗಳು. ನಟ್ಟನಡುವೆ ಲ್ಯೂಸಿನ್ ಅನ್ನೋ ಅಮೈನೊ ಆಮ್ಲದ ಒಂದು ಅಣು. ಅದಕ್ಕೆ ಅಂಟಿಕೊಂಡೇ ಎರಡು ಸೋಡಿಯಂ. ಎರಡೂ ಬಾಗಿಲು ಮುಚ್ಚಿದ್ದ ಆ ಅರೆಗಳಿಗೆಯೇ ಹರಳಿನಲ್ಲಿ ಸೆರೆಯಾಗಿತ್ತು. ಕೋಟ್ಯಂತರ ವರ್ಷಗಳ ಹಿಂದೆ ಆಹಾರ ಹೆಕ್ಕೋಕೆ ಹುಟ್ಟಿದ ಉಪಾಯ, ಇವತ್ತು ನಮ್ಮ ತಲೆಯೊಳಗೆ ಮಾತು ಹೆಕ್ಕುತ್ತಿದೆ. ಮುಂದೆ 2013ರಲ್ಲಿ ಹಣ್ಣಿನ ನೊಣದ ಡೋಪಮೈನ್ ಟ್ರಾನ್ಸ್‌ಪೋರ್ಟರ್, 2016ರಲ್ಲಿ ಮನುಷ್ಯರ ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್‌ನ ರಚನೆಯೂ ಸಿಕ್ಕಿತು.

ಗ್ಲುಟಮೇಟ್ ಟ್ರಾನ್ಸ್‌ಪೋರ್ಟರ್ ಬೇರೆ ಕುಟುಂಬದ್ದು. ಅದರಲ್ಲಿ ಬಾಗಿಲುಗಳ ಜೊತೆ ಕೋಣೆಯೇ ಲಿಫ್ಟ್‌ನಂತೆ ಪೊರೆಯೊಳಗೆ ಮೇಲೆ ಕೆಳಗೆ ಜಾರುತ್ತೆ.

[ಪೊರೆಯ ಮೇಲೆ ಒತ್ತೊತ್ತಾಗಿ ನೂರಾರು ಪ್ರೋಟೀನುಗಳು.]

ಇಷ್ಟೆಲ್ಲ ತಿರುಗಿ ಹೊರಳಬೇಕಾದ್ದರಿಂದ ಈ ಯಂತ್ರ ನಿಧಾನ. ಸೋಡಿಯಂನಂಥ ವಿದ್ಯುದಾವೇಶದ ಕಣಗಳು, ಅಂದರೆ ಅಯಾನುಗಳು, ನೇರವಾಗಿ ಹಾಯುವ ಒಂದು ಅಯಾನ್ ಚಾನೆಲ್ ತೆರೆದರೆ ಸೆಕೆಂಡಿಗೆ ಲಕ್ಷಾಂತರ ಅಯಾನುಗಳು ನುಗ್ಗುತ್ತವೆ. ಒಂದು ಡೋಪಮೈನ್ ಟ್ರಾನ್ಸ್‌ಪೋರ್ಟರ್ ಸೆಕೆಂಡಿಗೆ ದಾಟಿಸೋದು ಕೆಲವೇ ಅಣು. ಹಾಗಾಗಿ ಸಂಖ್ಯೆಯಲ್ಲಿ ಸರಿದೂಗಿಸಬೇಕು. ಗ್ಲುಟಮೇಟ್ ವಿಷಯದಲ್ಲಿ ಈ ಹೊರೆ ಹೊತ್ತಿರೋದು ನರಕೋಶಕ್ಕಿಂತ ಹೆಚ್ಚಾಗಿ ಆಸ್ಟ್ರೋಸೈಟ್ ಅನ್ನೋ ನೆರೆಯ ಕೋಶಗಳು. ಅವುಗಳ ಪೊರೆಯ ಒಂದು ಚದರ ಮೈಕ್ರೋಮೀಟರ್ ಜಾಗದಲ್ಲೇ ಇಂಥ ಪ್ರೋಟೀನುಗಳು ಸಾವಿರಾರು. ಗ್ಲುಟಮೇಟ್ ಸಂದಿನಿಂದ ಹೊರಬರುತ್ತಿದ್ದಂತೆ ಇವು ಮೊದಲು ಹಿಡಿದಿಟ್ಟುಕೊಳ್ಳುತ್ತವೆ, ದಾಟಿಸುವ ಕೆಲಸ ಆಮೇಲೆ. ಒಳಗೆ ಹೋದ ಗ್ಲುಟಮೇಟ್ ಗ್ಲುಟಮೈನ್ ಆಗುತ್ತೆ. ಗ್ಲುಟಮೈನ್‌ಗೆ ರಿಸೆಪ್ಟರ್ ಅನ್ನು ಕೆಣಕುವ ಗುಣ ಇಲ್ಲ. ಆ ನಿರಪಾಯದ ರೂಪದಲ್ಲೇ ಅದು ನರಕೋಶಕ್ಕೆ ಮರಳುತ್ತೆ.

ಈ ವ್ಯವಸ್ಥೆ ಕುಸಿದರೆ ಏನಾಗುತ್ತೆ ಅನ್ನೋದು ಪಾರ್ಶ್ವವಾಯುವಿನಲ್ಲಿ ಕಾಣುತ್ತೆ. ರಕ್ತನಾಳ ಕಟ್ಟಿಕೊಂಡಿತು. ಆಮ್ಲಜನಕ ಇಲ್ಲ, ಎಟಿಪಿ ಇಲ್ಲ. ಪಂಪ್ ನಿಂತಿತು. ಒಳಗೂ ಹೊರಗೂ ಸೋಡಿಯಂ ಸಮವಾಗುತ್ತಾ ಬಂತು. ಟ್ರಾನ್ಸ್‌ಪೋರ್ಟರ್‌ಗೆ ಸ್ವಂತ ದಿಕ್ಕು ಅಂತ ಇಲ್ಲ, ಒತ್ತಡ ಇದ್ದ ಕಡೆಯಿಂದ ಇಲ್ಲದ ಕಡೆಗೆ ತಿರುಗುತ್ತೆ. ಅದು ಈಗ ಹಿಂದುಮುಂದಾಗಿ ನಡೆಯುತ್ತೆ. ಒಳಗೆ ಕೂಡಿಟ್ಟ ಗ್ಲುಟಮೇಟ್ ಹೊರಗೆ ಸುರಿಯುತ್ತೆ. ಪಕ್ಕದ ಕೋಶಗಳು ಅತಿಯಾಗಿ ಉದ್ರೇಕಗೊಂಡು, ಕ್ಯಾಲ್ಸಿಯಂ ತುಂಬಿಕೊಂಡು ಸಾಯುತ್ತವೆ. ಕಾಪಾಡುತ್ತಿದ್ದ ಕೈಯೇ ವಿಷ ಹಾಕಿದ ಹಾಗೆ. ಮುಖ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ ಅಂತ ವೈದ್ಯರು ಹೇಳೋದರ ಹಿಂದೆ ಈ ಪ್ರೋಟೀನುಗಳೂ ಇವೆ. ದಯವಿಟ್ಟು ಹೋಗಿ.

[ನರತುದಿಯೊಳಗೆ ದುಂಡನೆಯ ಪುಟ್ಟ ಚೀಲಗಳು.]

ಒಳಗೆ ಬಂದ ಡೋಪಮೈನ್ ಅಥವಾ ಸೆರೊಟೋನಿನ್ ಅನ್ನು ಮತ್ತೆ ಚೀಲಕ್ಕೆ ತುಂಬಬೇಕು. ಸುಮಾರು 40 ನ್ಯಾನೋಮೀಟರ್ ಅಗಲದ ಈ ಚೀಲಗಳಿಗೆ ವೆಸಿಕಲ್ ಅಂತ ಹೆಸರು. ಇಲ್ಲಿ ಸೋಡಿಯಂ ಬದಲು ಪ್ರೋಟಾನ್. ಒಂದು ಪಂಪ್ ಚೀಲದೊಳಗೆ ಪ್ರೋಟಾನ್ ತುಂಬಿ ಹುಳಿ ಮಾಡುತ್ತೆ. ವಿಮ್ಯಾಟ್ ಅನ್ನೋ ಇನ್ನೊಂದು ಟ್ರಾನ್ಸ್‌ಪೋರ್ಟರ್ ಎರಡು ಪ್ರೋಟಾನ್ ಹೊರಬಿಟ್ಟು ಒಂದು ಅಣುವನ್ನು ಒಳಗೆ ಹಾಕುತ್ತೆ.

ಈ ಪ್ರೋಟೀನಿನ ಕಥೆಯಲ್ಲಿ ಸರ್ಪಗಂಧ ಬರುತ್ತೆ. ಆ ಗಿಡದ ಬೇರು ರಕ್ತದೊತ್ತಡ ಇಳಿಸುತ್ತೆ ಅಂತ ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಅದರಿಂದ ರಿಸರ್ಪಿನ್ ಬೇರ್ಪಟ್ಟಿತು. ರಿಸರ್ಪಿನ್ ಮಾಡೋದು ವಿಮ್ಯಾಟ್ ಅನ್ನು ಕಟ್ಟಿಹಾಕುವ ಕೆಲಸ. ಚೀಲಗಳು ಬರಿದಾಗುತ್ತವೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟರು; ಅವು ಕೂತಲ್ಲೇ ಕಲ್ಲಾದವು. ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. 1957ರ ಈ ಪ್ರಯೋಗವೇ, ಡೋಪಮೈನ್ ಕೋಶಗಳು ಸತ್ತು ಮೈ ಬಿಗಿಯುವ ಪಾರ್ಕಿನ್‌ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿ ತೋರಿಸಿತು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಔಷಧಿಗಳ ಬಗ್ಗೆ ಚುಟುಕಾಗಿ ಹೇಳಿಬಿಡ್ತೀನಿ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್, 1987ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು, ಸೆರೊಟೋನಿನ್ ಟ್ರಾನ್ಸ್‌ಪೋರ್ಟರ್‌ಗೆ ಅಡ್ಡ ಕೂರುತ್ತೆ. ಮೂರ್ಛೆರೋಗದ ಟಯಗಾಬಿನ್ ಗಾಬಾ ಟ್ರಾನ್ಸ್‌ಪೋರ್ಟರ್‌ಗೆ. ಕೊಕೇನ್ ಡೋಪಮೈನ್‌ನ ಬಾಗಿಲು ಅಡ್ಡಗಟ್ಟುತ್ತೆ; ಆಂಫೆಟಮಿನ್ ಅದೇ ಬಾಗಿಲಿನಿಂದ ಒಳಹೊಕ್ಕು ಡೋಪಮೈನ್ ಅನ್ನು ಹೊರಗೆ ಸುರಿಸುತ್ತೆ. ಆದರೆ ಒಂದು ಮಾತು. ಫ್ಲೂಆಕ್ಸೆಟಿನ್ ಟ್ರಾನ್ಸ್‌ಪೋರ್ಟರ್ ಅನ್ನು ತಡೆಯೋಕೆ ಗಂಟೆಗಳು ಸಾಕು, ಮನಸ್ಸು ಹಗುರಾಗೋಕೆ ವಾರಗಳು ಬೇಕು. ಸೆರೊಟೋನಿನ್ ಕಡಿಮೆಯಾಯಿತು, ಅದಕ್ಕೇ ಖಿನ್ನತೆ ಬಂತು ಅನ್ನೋ ವಿವರಣೆ ಕೇಳೋಕೆ ಚೆಂದ, ಈ ವಾರಗಳ ಲೆಕ್ಕ ಅದಕ್ಕೆ ಸಿಗೋದಿಲ್ಲ. ಹಾಗಂತ ಮಾತ್ರೆ ತಗೊಳ್ತಿರೋರು ಈ ಮಾತು ಕೇಳಿ ತಾವಾಗಿ ನಿಲ್ಲಿಸಬೇಡಿ. ಅದರಿಂದ ಎಷ್ಟೋ ಜನ ಚೇತರಿಸಿಕೊಂಡಿದ್ದಾರೆ. ನಿಮ್ಮ ವೈದ್ಯರನ್ನು ಕೇಳಿ.

[ಕ್ಯಾಲಿಫೋರ್ನಿಯಾದ ನಕ್ಷೆ. 1982.]

ಕೊನೆಯದಾಗಿ, ಹೆಕ್ಕುವ ಈ ಕೈಗೆ ಮೋಸವಾದ ಒಂದು ಪ್ರಸಂಗ. 1982ರಲ್ಲಿ ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಿಗೆ ಕೆಲವು ಯುವಕ ಯುವತಿಯರು ಬಂದರು. ಮೈ ಮರಗಟ್ಟಿದಂತೆ, ಅಲುಗಾಡಲಾಗದೆ, ವಯಸ್ಸಾದವರ ಪಾರ್ಕಿನ್‌ಸನ್ ರಾತ್ರೋರಾತ್ರಿ ಬಂದಂತೆ. ಅವರು ಚುಚ್ಚಿಕೊಂಡಿದ್ದ ಕೃತಕ ಮಾದಕದಲ್ಲಿ ಎಂಪಿಟಿಪಿ ಅನ್ನೋ ಕಲಬೆರಕೆ ಇತ್ತು ಅಂತ ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಜೊತೆಗಾರರು ಪತ್ತೆಹಚ್ಚಿದರು. ಮಿದುಳಿನಲ್ಲಿ ಅದು ಎಂಪಿಪಿ ಅನ್ನೋ ವಿಷವಾಗುತ್ತೆ. ನೋಡೋಕೆ ಡೋಪಮೈನ್‌ನ ಹೋಲಿಕೆ. ಡೋಪಮೈನ್ ಟ್ರಾನ್ಸ್‌ಪೋರ್ಟರ್ ಅದನ್ನು ತನ್ನದೇ ಅಂದುಕೊಂಡು ಒಳಗೆ ಕರೆದುಕೊಂಡಿತು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ನಿಂತುಹೋಯಿತು. ಬೇರೆ ಕೋಶಗಳನ್ನು ಬಿಟ್ಟು ಡೋಪಮೈನ್ ಕೋಶಗಳೇ ಆರಿಸಿದಂತೆ ಸತ್ತದ್ದು ಮುಖ್ಯವಾಗಿ ಇದೇ ಕಾರಣಕ್ಕೆ. ವಿಮ್ಯಾಟ್ ಆ ವಿಷವನ್ನೂ ಚೀಲಕ್ಕೆ ತುಂಬಿ ಕೋಶವನ್ನು ತಕ್ಕಮಟ್ಟಿಗೆ ಕಾಯುತ್ತೆ. ಆ ಗುಣವನ್ನೇ ಸುಳಿವಾಗಿ ಹಿಡಿದು 1992ರಲ್ಲಿ ವಿಮ್ಯಾಟ್‌ನ ಜೀನ್ ಹುಡುಕಿದರು.

ಅದೇ ಬಾಗಿಲು ಈಗ ರೋಗ ಪತ್ತೆಗೂ ನೆರವಾಗುತ್ತೆ. ಕೊಕೇನ್‌ನ ರಚನೆಯನ್ನೇ ಬದಲಿಸಿ ಮಾಡಿದ ಅಯೋಫ್ಲುಪೇನ್ ಅನ್ನೋ ಅಣುವಿಗೆ ವಿಕಿರಣಶೀಲ ಅಯೋಡಿನ್ ಸೇರಿಸಿ, ತೀರಾ ಅಲ್ಪ ಪ್ರಮಾಣದಲ್ಲಿ ಚುಚ್ಚುತ್ತಾರೆ. ಅದು ಹೋಗಿ ಡೋಪಮೈನ್ ಟ್ರಾನ್ಸ್‌ಪೋರ್ಟರ್‌ಗೆ ಅಂಟುತ್ತೆ. ಕೆಲವು ಗಂಟೆ ಬಿಟ್ಟು ಸ್ಕ್ಯಾನ್ ಮಾಡಿದರೆ, ಟ್ರಾನ್ಸ್‌ಪೋರ್ಟರ್‌ಗಳು ಇರೋ ಕಡೆ ಬೆಳಕು. ಆರೋಗ್ಯವಂತರಲ್ಲಿ ಎಡಕ್ಕೊಂದು ಬಲಕ್ಕೊಂದು ಅಲ್ಪವಿರಾಮದ ಆಕಾರ ಕಾಣುತ್ತೆ. ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಆ ಅಲ್ಪವಿರಾಮದ ಬಾಲ ಮೊದಲು ಮಸುಕಾಗುತ್ತೆ. ಬರಬರುತ್ತಾ ಬರೀ ಚುಕ್ಕೆ ಉಳಿಯುತ್ತೆ.

[ಸ್ಕ್ಯಾನ್ ಚಿತ್ರಗಳು ಅಕ್ಕಪಕ್ಕ. ಧ್ವನಿ ಇಲ್ಲ. ಪರದೆ ಕಪ್ಪಾಗುತ್ತೆ.]